ಪಾಯಕ್ಕೆ ರೆಡಿಮಿಕ್ಸ್ ತರಿಸಿದ್ವಿ, ಮಾಲು ಹೇಗಿತ್ತು ಸರ್ವೀಸ್ ಹೇಗಿತ್ತು

ಸ್ವಂತ ಮನೆ ಕಟ್ಟಿಸೋರಲ್ಲಿ ಸುಮಾರು ಜನಕ್ಕೆ ಈ ಡೌಟ್ ಇದ್ದೇ ಇರುತ್ತೆ, ಪಾಯಕ್ಕೆ ರೆಡಿಮಿಕ್ಸ್ (ಪ್ಲಾಂಟಲ್ಲೇ ಕಲಸಿ ಲಾರಿಯಲ್ಲಿ ತರೋ ಕಾಂಕ್ರೀಟ್) ತರಿಸ್ಬೇಕಾ ಇಲ್ಲ ಸೈಟಲ್ಲೇ ಮಿಲ್ಲರ್ ಇಟ್ಕೊಂಡು ಕಲಸಿ ಹಾಕ್ಬೇಕಾ ಅಂತ. ನಾವು ತುಮಕೂರಲ್ಲಿ ಗುಬ್ಬಿ ರೋಡ್ ಕಡೆ 30 ಬೈ 40 ಸೈಟಲ್ಲಿ ಮನೆ ಶುರು ಮಾಡಿದೀವಿ, ಫೂಟಿಂಗ್ (ಪಿಲ್ಲರ್ ಬುಡಕ್ಕೆ ಗುಂಡಿಯಲ್ಲಿ ಹಾಕೋ ಕಾಂಕ್ರೀಟ್ ತಳ) ಪೂರ್ತಿ ರೆಡಿಮಿಕ್ಸಲ್ಲೇ ಹಾಕಿಸಿದ್ವಿ, ಅದೇ ಕಾಂಕ್ರೀಟಿನ ತುಂಡು ಎಷ್ಟು ಗಟ್ಟಿ ಅಂತ ನೋಡೋ 28 ದಿನದ ಕ್ಯೂಬ್ ರಿಪೋರ್ಟೂ ಈಗ ಕೈಗೆ ಬಂದಿದೆ, ಅದಕ್ಕೇ ಈಗ ಬರೀತಿದೀನಿ. ಕಾಂಕ್ರೀಟ್ ಹಾಕಿದ ಸಂಜೆನೇ ಬರೆದಿದ್ರೆ ಅದು ಲಾರಿ ಟೈಮಿಗೆ ಬಂತಾ, ಡ್ರೈವರ್ ಚೆನ್ನಾಗಿ ಮಾತಾಡಿದ್ನಾ ಅನ್ನೋ ರಿವ್ಯೂ ಆಗ್ತಿತ್ತು ಅಷ್ಟೇ, ಮಾಲು ಹೇಗಿತ್ತು ಅನ್ನೋದು ಅವತ್ತು ಯಾರ ಕಣ್ಣಿಗೂ ಕಾಣಲ್ಲ.

ಪ್ಲಾಂಟ್ ಹೆಸರು ಹಾಕ್ತಿಲ್ಲ. ಹೇಳೋದ್ರಲ್ಲಿ ಒಳ್ಳೇದೂ ಇದೆ ಕೆಟ್ಟದ್ದೂ ಇದೆ, ಅದೇ ಪ್ಲಾಂಟಿಂದ ಇನ್ನೊಂದು ದಿನ ಬೇರೆ ಡ್ರೈವರ್ ಬೇರೆ ಪಂಪ್ ಟೀಮ್ ಬಂದ್ರೆ ಬೇರೆ ಥರನೇ ಆಗ್ಬಹುದು. ನಿಮ್ಮೂರಲ್ಲಿ ನೀವು ಯಾರ ಹತ್ರ ತಗೊಂಡ್ರೂ ನೋಡ್ಬೇಕಾಗಿರೋದು ಇದೇ ವಿಷಯಗಳು.

ನಮ್ಮ ತೀರ್ಪು ಮೊದಲೇ ಹೇಳ್ಬಿಡ್ತೀನಿ. ಕಾಂಕ್ರೀಟ್ ತುಂಬಾ ಚೆನ್ನಾಗಿತ್ತು, ಡೆಲಿವರಿ ಸುಮಾರು, ಪಂಪ್‌ನವ್ರ ಕೆಲಸ ಸರಿ ಇರಲಿಲ್ಲ. ಮತ್ತೆ ತಗೋತೀವಾ ಅಂದ್ರೆ ತಗೋತೀವಿ, ಆದ್ರೆ ಮನೆಯವ್ರು ಯಾರಾದ್ರೂ ಬೆಳಗ್ಗಿಂದ ಕೊನೇ ಗುಂಡಿ ತುಂಬೋವರೆಗೂ ಅಲ್ಲೇ ನಿಂತಿರ್ಬೇಕು. ದುಡ್ಡು ಕೊಟ್ರೆ ಒಳ್ಳೆ ಕಾಂಕ್ರೀಟ್ ಸೈಟಿನ ಮುಂದಿನ ರೋಡ್ ತನಕ ಬರುತ್ತೆ, ರೋಡಿಂದ ಗುಂಡಿ ತನಕ ಅದನ್ನ ಕೆಡಿಸದೇ ಇಳಿಸ್ಕೊಳ್ಳೋದು ನಮ್ಮ ಜವಾಬ್ದಾರಿ.

ನಮ್ಮದು ಲೇಬರ್ ಕಾಂಟ್ರ್ಯಾಕ್ಟ್, ಮೆಟೀರಿಯಲ್ ಎಲ್ಲಾ ನಾವೇ ತರೋದು. ಅಪ್ಪ, ಚಿಕ್ಕಪ್ಪ, ಭಾವ, ನಾನು ಸರದಿ ಮೇಲೆ ನಿಂತು ಮಾಡಿಸ್ತಿದೀವಿ, ಅಮ್ಮ ಲೆಕ್ಕದ ಪುಸ್ತಕ ನೋಡ್ಕೋತಾರೆ, ಯಾವ ಚೀಟಿ ಕೇಳಿದ್ರೂ ತಕ್ಷಣ ಸಿಗುತ್ತೆ. ಸ್ಟ್ರಕ್ಚರಲ್ ಇಂಜಿನಿಯರ್ ಕೊಟ್ಟ ಡ್ರಾಯಿಂಗ್‌ನಲ್ಲಿ 12 ಪಿಲ್ಲರ್, ಒಂದೊಂದು ಫೂಟಿಂಗ್ 5 ಅಡಿಗೆ 5 ಅಡಿ, ದಪ್ಪ 15 ಇಂಚು, ಕಾಂಕ್ರೀಟ್ ಎಂ25 ಗ್ರೇಡ್ (ಎಷ್ಟು ಗಟ್ಟಿ ಇರ್ಬೇಕು ಅನ್ನೋ ಲೆಕ್ಕ), ಕಬ್ಬಿಣದ ಜಾಲಿ ಕೆಳಗಡೆ 50 ಎಂಎಂ ಕವರ್, ಅಂದ್ರೆ ಜಾಲಿ ಕೆಳಗೆ ಅಷ್ಟು ದಪ್ಪ ಕಾಂಕ್ರೀಟ್ ಇರ್ಬೇಕು. ನಮ್ಮದು ಕೆಂಪು ಮಣ್ಣು, ಐದಡಿ ತೆಗೆದ್ಮೇಲೆ ಗಟ್ಟಿ ಗೊಚ್ಚು ಸಿಕ್ತು, ಅದಕ್ಕೆ ಈ ಸೈಜು ಸಾಕಾಯ್ತು. ಗದಗ, ಹುಬ್ಬಳ್ಳಿ, ವಿಜಯಪುರ ಕಡೆ ಎರೆ ಮಣ್ಣಿನ ಜಾಗದವ್ರು ದಯವಿಟ್ಟು ಇದೇ ಅಳತೆ ಕಾಪಿ ಮಾಡ್ಬೇಡಿ, ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತೆ, ಅಲ್ಲಿ ಪಾಯದ ಡಿಸೈನೇ ಬೇರೆ.

ಕೆಳಗಡೆ ಬೆಡ್ ಕಾಂಕ್ರೀಟ್ ನಾಲ್ಕಿಂಚು, ಸಿಮೆಂಟ್ ಮರಳು ಜಲ್ಲಿ 1:4:8, 40 ಎಂಎಂ ಜಲ್ಲಿ, ಅದನ್ನ ಮಿಲ್ಲರಲ್ಲೇ ಕಲಸಿ ಹಾಕಿದ್ವಿ. ಅದಕ್ಕೆ ರೆಡಿಮಿಕ್ಸ್ ತರಿಸೋದು ದುಡ್ಡು ದಂಡ, ಲೋಡ್ ಬರೋದು ಅದರ ಕೆಲಸ ಅಲ್ಲ, ಜಾಲಿ ಕೂರಿಸೋಕೆ ಮಟ್ಟವಾದ ಕ್ಲೀನ್ ತಳ ಕೊಟ್ರೆ ಸಾಕು.

ಫೂಟಿಂಗ್ ವಿಷಯಕ್ಕೆ ಬಂದಾಗ ಮೇಸ್ತ್ರಿಗೂ ನಮಗೂ ಸ್ವಲ್ಪ ವಾದ ಆಯ್ತು. "ಯಜಮಾನ್ರೆ, ನಲವತ್ತು ಮನೆ ಮಾಡಿದೀನಿ, ಎಲ್ಲಾ ಕೈ ಮಿಕ್ಸೇ, ಒಂದೂ ಬಿದ್ದಿಲ್ಲ" ಅಂದ ಅಪ್ಪಂಗೆ. ಸುಳ್ಳೇನಲ್ಲ, ಅವನ ಕೆಲಸ ನೋಡಿನೇ ನಾವು ಕೊಟ್ಟಿದ್ದು. ಆದ್ರೆ ಸೈಟ್ ಮಿಕ್ಸಲ್ಲಿ ತೊಂದರೆ ಆಗೋದು ಸಿಮೆಂಟಿಂದಲ್ಲ, ನೀರಿಂದ. ನಮ್ಮ ದೇಶದ ಕಾಂಕ್ರೀಟ್ ಕೋಡ್ ಐಎಸ್ 456, 2000ನೇ ಇಸ್ವಿದು, ಅದರಲ್ಲಿ ಎಂ20 ನಾಮಿನಲ್ ಮಿಕ್ಸ್‌ಗೆ (ಮಿಕ್ಸ್ ಡಿಸೈನ್ ಮಾಡಿಸದೆ ಕೋಡ್ ಕೊಟ್ಟ ಪ್ರಮಾಣದಲ್ಲೇ ಕಲಸೋದು) ಒಂದು ಮೂಟೆ ಸಿಮೆಂಟಿಗೆ ಜಾಸ್ತಿ ಅಂದ್ರೆ 30 ಲೀಟರ್ ನೀರು ಅಂತಿದೆ. ಸೈಟಲ್ಲಿ ಯಾರು ಅಳೀತಾರೆ? ಮಿಲ್ಲರ್ ಹುಡುಗ ಪೈಪ್ ಹಿಡ್ಕೊಂಡು ಕಣ್ಣಳತೇಲಿ ಬಿಡ್ತಾನೆ, ಬಾಂಡ್ಲಿ ಹೊರೋರು "ಗಟ್ಟಿ ಆಯ್ತು ಇನ್ನೊಂಚೂರು ಬಿಡೋ" ಅಂತಾರೆ, ಮಧ್ಯಾಹ್ನ ಬಿಸಿಲಿಗೆ ಇನ್ನೊಂದು ಬಕೆಟ್ ಜಾಸ್ತಿನೇ ಹೋಗುತ್ತೆ. ಮೇಲಾಗಿ ಆ ಕೋಡ್ ಪ್ರಕಾರ ನಾಮಿನಲ್ ಮಿಕ್ಸ್ ಅನ್ನೋದೇ ಎಂ20ಗೆ ಮುಗೀತು, ಎಂ25 ಬೇಕು ಅಂದ್ರೆ ಮಿಕ್ಸ್ ಡಿಸೈನ್ ಮಾಡಿಸ್ಬೇಕು, ತೂಕ ಹಾಕಿ ಕಲಸ್ಬೇಕು. ಇಂಜಿನಿಯರ್ ಡ್ರಾಯಿಂಗಲ್ಲಿ ಎಂ25 ಅಂತ ಬರೆದು ಸೈಟಲ್ಲಿ ಬಾಂಡ್ಲಿ ಲೆಕ್ಕದಲ್ಲಿ ಕಲಸಿದ್ರೆ ಆ ಡ್ರಾಯಿಂಗ್ ಮಾಡ್ಸಿದ್ದಕ್ಕೆ ಏನು ಅರ್ಥ. ಮಣ್ಣು ಮುಚ್ಚಿದ ಮೇಲೆ ಫೂಟಿಂಗ್‌ನ ಯಾರೂ ಮತ್ತೆ ನೋಡೋಕಾಗಲ್ಲ, ಗೋಡೆ ಆದ್ರೆ ಒಡೆದು ಕಟ್ಬಹುದು, ಪ್ಲಾಸ್ಟರ್ ಕಿತ್ತು ಹಾಕ್ಬಹುದು, ಇದನ್ನ ಏನೂ ಮಾಡೋಕಾಗಲ್ಲ. ಈ ಮಾತಿಗೆ ಮೇಸ್ತ್ರಿನೂ ಒಪ್ಪಿದ.

ಆರ್ಡರ್ ಮಾಡೋ ಲೆಕ್ಕ ಮನೆಯಲ್ಲೇ ಹಾಕ್ಕೊಳಿ, ಪ್ಲಾಂಟ್ ಮಾರ್ಕೆಟಿಂಗ್‌ನವ್ರ ಕೈಗೆ ಬಿಡ್ಬೇಡಿ. ನಮ್ಮದು ಒಂದು ಫೂಟಿಂಗ್ 31.25 ಸಿಎಫ್‌ಟಿ (ಘನ ಅಡಿ), 12ಕ್ಕೆ 375 ಸಿಎಫ್‌ಟಿ, ಒಂದು ಕ್ಯೂಬಿಕ್ ಮೀಟರ್ ಅಂದ್ರೆ 35.3 ಸಿಎಫ್‌ಟಿ, ಹಾಗಾಗಿ 10.6 ಕ್ಯೂಬಿಕ್. ವೇಸ್ಟೇಜ್ ಐದು ಪರ್ಸೆಂಟ್ ಸೇರಿಸಿದ್ರೆ 11 ಚಿಲ್ಲರೆ. ಫೋನಲ್ಲಿ ಅವ್ರು "13 ಹಾಕ್ಕೊಳಿ ಸಾರ್, ಶಾರ್ಟ್ ಆದ್ರೆ ಕಷ್ಟ" ಅಂದ್ರು. ಭಾವ ಒಪ್ಪಲಿಲ್ಲ. ಮೊದಲ ಲಾರಿ 6 ಕ್ಯೂಬಿಕ್ ಕಳಿಸಿ, ಅದು ಖಾಲಿಯಾಗೋ ಹೊತ್ತಿಗೆ ಉಳಿದ ಗುಂಡಿ ಟೇಪ್ ಹಿಡಿದು ಅಳೆದು ಎರಡನೇದಕ್ಕೆ ಎಷ್ಟು ಅಂತ ಹೇಳ್ತೀವಿ ಅಂತ ಮೊದಲೇ ಮಾತಾಡ್ಕೊಂಡ್ವಿ. ಇದಕ್ಕೆ ಅವ್ರು ಒಪ್ಪಿದ್ದು ನಿಜಕ್ಕೂ ಒಳ್ಳೆ ಸರ್ವೀಸ್, ಎಲ್ಲಾ ಪ್ಲಾಂಟ್‌ನವ್ರೂ ಒಪ್ಪಲ್ಲ. ಎರಡನೇ ಲಾರಿಗೆ 5.5 ಹೇಳಿದ್ವಿ, ಕೊನೆಗೆ ಸ್ವಲ್ಪ ಉಳೀತು, ಮೆಟ್ಟಿಲಿನ ಬುಡಕ್ಕೆ ಅಂತ ಗುಂಡಿ ತೆಗೆದು ರೆಡಿ ಇಟ್ಟಿದ್ವಿ, ಅಲ್ಲಿಗೆ ಹೋಯ್ತು. ಉಳಿದ್ರೆ ಎಲ್ಲಿಗೆ ಅಂತ ಒಂದು ಜಾಗ ರೆಡಿ ಇಟ್ಕೊಳಿ, ಇಲ್ಲಾಂದ್ರೆ ಡ್ರೈವರ್ ಪಕ್ಕದ ಖಾಲಿ ಸೈಟಲ್ಲಿ ಸುರಿದು ಹೋಗ್ತಾನೆ, ಆಮೇಲೆ ಆ ಸೈಟಿನವ್ರ ಹತ್ರ ಮಾತು ಕೇಳೋದು ನಾವು.

ಬುಕ್ ಮಾಡೋ ಮುಂಚೆ ಭಾವ ಪ್ಲಾಂಟಿಗೆ ಹೋಗಿ ನೋಡ್ಕೊಂಡ್ ಬಂದ್ರು. ಎಂ ಸ್ಯಾಂಡ್ ಗುಡ್ಡೆ, ಜಲ್ಲಿ ಗುಡ್ಡೆ ಬೇರೆ ಬೇರೆ ಗೋಡೆ ಮಧ್ಯೆ ಇತ್ತು, ಒಂದಕ್ಕೊಂದು ಬೆರೆತಿರ್ಲಿಲ್ಲ, ಮಿಕ್ಸ್ ಡಿಸೈನ್ ಪೇಪರ್ ಕೇಳಿದ ತಕ್ಷಣ ತೋರಿಸಿದ್ರು, ತೂಕದ ಕ್ಯಾಲಿಬ್ರೇಶನ್ ಸರ್ಟಿಫಿಕೇಟೂ ಇತ್ತು. ಮನೆ ಕಟ್ಟೋ ಚಿಕ್ಕ ಗಿರಾಕಿ ಅಂತ ಕಡೆಗಣಿಸದೆ ಕೂರಿಸಿ ಮಾತಾಡಿಸಿದ್ರಂತೆ. ಇದಕ್ಕೆ ಪೂರ್ತಿ ಮಾರ್ಕ್ಸ್.

ಈಗ ಸ್ಲಿಪ್ ವಿಷಯ, ಇದನ್ನ ಸ್ವಲ್ಪ ನಿಧಾನವಾಗಿ ಓದಿ. ಲಾರಿ ಬಂದ ತಕ್ಷಣ ಡ್ರೈವರ್ ಎರಡು ಕಾಗದ ಕೊಡ್ತಾನೆ, ಒಂದು ಡೆಲಿವರಿ ಚಲನ್, ಇನ್ನೊಂದು ಯಾವ್ಯಾವುದು ಎಷ್ಟು ತೂಕ ಹಾಕಿ ಕಲಸಿದ್ರು ಅಂತ ಇರೋ ಬ್ಯಾಚ್ ಸ್ಲಿಪ್. ತುಂಬಾ ಜನ ಚಲನ್‌ಗೆ ಸೈನ್ ಹಾಕಿ ಜೇಬಿಗಿಟ್ಕೊಂಡು ಸುಮ್ಮನಾಗ್ತಾರೆ, ಬ್ಯಾಚ್ ಸ್ಲಿಪ್ ಕೇಳೋದೇ ಇಲ್ಲ. ಅಸಲಿ ವಿಷಯ ಇರೋದು ಅದರಲ್ಲೇ. ನಮ್ಮ ಸ್ಲಿಪ್‌ನ ಒಂದು ಕ್ಯೂಬಿಕ್ ಮೀಟರಿಗೆ ಇಳಿಸಿ ನೋಡಿದ್ರೆ ಸಿಮೆಂಟ್ 270 ಕೆಜಿ, ಜಿಜಿಬಿಎಸ್ 70 ಕೆಜಿ, ಎಂ ಸ್ಯಾಂಡ್ 860ರ ಹತ್ರ, 20 ಎಂಎಂ ಜಲ್ಲಿ 640, 12 ಎಂಎಂ ಜಲ್ಲಿ 420, ಒಟ್ಟು ನೀರು 160 ಲೀಟರ್, ಅಡ್ಮಿಕ್ಸರ್ (ನೀರು ಸೇರಿಸದೇ ಕಾಂಕ್ರೀಟ್ ಹರಿಯೋ ಹಾಗೆ ಮಾಡೋ ಕೆಮಿಕಲ್) 3 ಕೆಜಿ ಒಳಗೆ. ಜಿಜಿಬಿಎಸ್ ಅಂದ್ರೆ ಕಬ್ಬಿಣದ ಕಾರ್ಖಾನೆ ಕುಲುಮೆಯಲ್ಲಿ ಬರೋ ಸ್ಲ್ಯಾಗ್‌ನ ಸಿಮೆಂಟ್ ಥರ ನುಣ್ಣಗೆ ಅರೆದಿರೋದು, ಕಲಬೆರಕೆ ಅಂತ ಗಾಬರಿ ಆಗ್ಬೇಡಿ, ಕೋಡ್‌ನಲ್ಲೇ ಒಪ್ಪಿಗೆ ಇದೆ, ಗಟ್ಟಿ ಆಗೋದು ಸ್ವಲ್ಪ ನಿಧಾನ ಅಷ್ಟೇ. ಸಿಮೆಂಟ್ ಪ್ಲಸ್ ಜಿಜಿಬಿಎಸ್ 340 ಕೆಜಿ, ನೀರು 160, ನೀರನ್ನ ಆ 340ರಿಂದ ಭಾಗ ಮಾಡಿದ್ರೆ 0.47. ಎಂ25ಗೆ ಸಾಮಾನ್ಯವಾಗಿ ಹಿಡಿಯೋ ಮಿತಿ 0.50, ಹಾಗಾಗಿ ಓಕೆ.

ಇನ್ನೊಂದು ಗಮನಿಸಿ. ಹಿಂದಿನ ರಾತ್ರಿ ಮಳೆ ಬಂದಿತ್ತು. ಸ್ಲಿಪ್‌ನಲ್ಲಿ ಎಂ ಸ್ಯಾಂಡ್ ಮಾಯಿಶ್ಚರ್ ಅಂತ ಒಂದು ಕಾಲಂ ಇರುತ್ತೆ, ಅದರಲ್ಲಿ 5 ಪರ್ಸೆಂಟ್ ಅಂತ ಹಾಕಿದ್ರು. 860 ಕೆಜಿ ಮರಳಿಗೆ 5 ಪರ್ಸೆಂಟ್ ಅಂದ್ರೆ 43 ಲೀಟರ್ ನೀರು ಮರಳಲ್ಲೇ ಕೂತಿದೆ ಅಂತ ಅರ್ಥ, ಅಷ್ಟನ್ನ ಮೇಲೆ ಹಾಕೋ ನೀರಲ್ಲಿ ಕಮ್ಮಿ ಮಾಡಿದ್ರು, ಒದ್ದೆ ಮರಳಿನ ತೂಕನೂ ಅಷ್ಟೇ ಜಾಸ್ತಿ ಹಿಡಿದಿದ್ರು. ಸೈಟ್ ಮಿಕ್ಸಲ್ಲಿ ಈ ಲೆಕ್ಕ ಯಾವ ಮೇಸ್ತ್ರಿನೂ ಹಾಕಲ್ಲ, ಅವನ ತಪ್ಪೂ ಅಲ್ಲ, ಹಾಕೋಕೆ ಸಾಧನ ಇಲ್ಲ. ಕೊಟ್ಟ ದುಡ್ಡಿಗೆ ಇದೊಂದೇ ಕಾಲಂ ಸಾಕು ಅಂತ ನನಗೆ ಅನ್ನಿಸ್ತು.

ತೂಕದಲ್ಲೂ ಮೋಸ ಹಿಡೀಬಹುದು. ಕಾಂಕ್ರೀಟ್ ಒಂದು ಕ್ಯೂಬಿಕ್‌ಗೆ ಹತ್ತಿರ ಹತ್ತಿರ 2,400 ಕೆಜಿ ಇರುತ್ತೆ, 6 ಕ್ಯೂಬಿಕ್ ಅಂದ್ರೆ 14 ಟನ್ ಮೇಲೆ. ಡೌಟ್ ಇದ್ರೆ ದಾರಿಯಲ್ಲಿ ಸಿಗೋ ವೇ ಬ್ರಿಡ್ಜಲ್ಲಿ ತುಂಬಿದ ಲಾರಿ, ಖಾಲಿ ಲಾರಿ ಎರಡೂ ತೂಕ ಹಾಕಿಸಿ, ವ್ಯತ್ಯಾಸನ 2,400ರಿಂದ ಭಾಗಿಸಿದ್ರೆ ಎಷ್ಟು ಕ್ಯೂಬಿಕ್ ಬಂದಿದೆ ಅಂತ ಗೊತ್ತಾಗುತ್ತೆ. ನಮಗೆ ಗುಂಡಿ ಅಳತೆಗೇ ತಾಳೆ ಆಯ್ತು.

ಮೊದಲ ಲಾರಿ ಹೇಳಿದ ಟೈಮಿಗೇ ಬಂತು. ಪ್ಲಾಂಟ್ ಕಡೆಯಿಂದ ಕ್ಯೂಸಿ (ಕ್ವಾಲಿಟಿ ನೋಡೋ) ಹುಡುಗ ಒಬ್ಬ ಬೈಕಲ್ಲಿ ಬಂದಿದ್ದ, ಸ್ಲಂಪ್ ಕೋನ್, ಕ್ಯೂಬ್ ಮೋಲ್ಡ್ ಎಲ್ಲಾ ತಂದಿದ್ದ. ಸ್ಲಂಪ್ ಕೋನ್ ಅಂದ್ರೆ ಒಂದಡಿ ಎತ್ತರದ ತಗಡಿನ ಶಂಕು, ಮೇಲೆ 100 ಎಂಎಂ ಬಾಯಿ, ಕೆಳಗೆ 200. ಅದಕ್ಕೆ ಪದರ ಪದರವಾಗಿ ಕಾಂಕ್ರೀಟ್ ತುಂಬಿ, ಒಂದೊಂದು ಪದರಕ್ಕೂ ಕಬ್ಬಿಣದ ರಾಡಲ್ಲಿ 25 ಸಲ ಕುಟ್ಟಿ, ಕೋನ್ ಮೆಲ್ಲಗೆ ಮೇಲಕ್ಕೆತ್ತಿದ್ರೆ ಕಾಂಕ್ರೀಟ್ ಎಷ್ಟು ಕುಸಿಯುತ್ತೋ ಅದೇ ಸ್ಲಂಪ್. ನಾವು ಹೇಳಿದ್ದು 120 ಎಂಎಂ, ಬಂದಿದ್ದು 125. ಮುದ್ದೆಯಾಗಿ ಒಂದೇ ಸಮ ಕೂತ್ಕೊಂಡ್ತು, ಸುತ್ತ ನೀರು ಬಿಟ್ಕೊಳ್ಳಲಿಲ್ಲ, ಜಲ್ಲಿ ಬೇರೆ ಗಾರೆ ಬೇರೆ ಆಗಲಿಲ್ಲ. ಅಪ್ಪ ಕೂತು ಬೆರಳಲ್ಲಿ ಒತ್ತಿ ನೋಡಿ "ಇದು ಸರಿ ಇದೆ" ಅಂದ್ರು.

ಎರಡನೇ ಲಾರಿಯಲ್ಲಿ ಎಡವಟ್ಟಾಯ್ತು. ಸ್ಲಿಪ್‌ನಲ್ಲಿ 11.10ಕ್ಕೆ ಬ್ಯಾಚ್ ಆಗಿದೆ ಅಂತಿತ್ತು, ಸೈಟಿಗೆ ಬಂದಿದ್ದು 12.25ಕ್ಕೆ. ರೆಡಿಮಿಕ್ಸ್‌ಗೆ ಬೇರೆ ಕೋಡ್ ಇದೆ, ಐಎಸ್ 4926, ಅದರ ಪ್ರಕಾರ ನೀರು ಹಾಕಿದ ಹೊತ್ತಿಂದ ಎರಡು ಗಂಟೆ ಒಳಗೆ ಲಾರಿ ಖಾಲಿ ಮಾಡ್ಬೇಕು, ರಿಟಾರ್ಡರ್ (ಸೆಟ್ ಆಗೋದನ್ನ ತಡ ಮಾಡೋ ಕೆಮಿಕಲ್) ಹಾಕಿದ್ರೆ ಮಾತ್ರ ಸ್ವಲ್ಪ ಜಾಸ್ತಿ. ನಮಗೆ ಉಳಿದಿದ್ದು ಮುಕ್ಕಾಲು ಗಂಟೆ. ಯಾಕೆ ಲೇಟು ಅಂತ ಕೇಳಿದ್ರೆ ಡ್ರೈವರ್ ಒಂದು ಹೇಳ್ತಾನೆ, ಪ್ಲಾಂಟ್‌ನವ್ರು ಇನ್ನೊಂದು ಹೇಳ್ತಾರೆ, ನಿಜ ಏನು ಅಂತ ಕೊನೆಗೂ ಗೊತ್ತಾಗಲಿಲ್ಲ, ಫೋನ್ ಮಾಡಿದಾಗೆಲ್ಲ "ಹತ್ತು ನಿಮಿಷ ಸಾರ್, ಬಂದೇ ಬಿಡ್ತು" ಅಂತ ಅಷ್ಟೇ ಉತ್ತರ. ಇದು ಈ ಸರ್ವೀಸಿನ ದೊಡ್ಡ ಮೈನಸ್. ಲಾರಿಗೆ ಜಿಪಿಎಸ್ ಇದೆ, ಲೈವ್ ಲೊಕೇಶನ್ ಕಳಿಸೋಕೆ ಏನು ಕಷ್ಟ.

ಸ್ಲಂಪ್ ನೋಡಿದ್ರೆ 70ಕ್ಕೆ ಇಳಿದಿತ್ತು. ಡ್ರಮ್ಮಿಂದ ಇಳೀತಾ ಇದ್ದಿದ್ದೇ ಗಟ್ಟಿಯಾಗಿ. ಪಂಪ್ ಆಪರೇಟರ್ "ಇದು ಎಳೆಯಲ್ಲ, ನೀರು ಬಿಡಿ" ಅಂದ, ಡ್ರೈವರ್ ಆಗಲೇ ಲಾರಿ ನೀರಿನ ಟ್ಯಾಂಕ್ ಪೈಪ್ ಕೈಗೆತ್ಕೊಂಡಿದ್ದ, ನಮ್ಮ ಮೇಸ್ತ್ರಿನೂ "ಒಂದು ನೂರು ಲೀಟರ್ ಬಿಟ್ರೆ ಏನಾಗಲ್ಲ ಬಿಡಿ ಸಾರ್" ಅಂತಿದ್ದ. ನೂರು ಲೀಟರಿಂದ ಏನಾಗುತ್ತೆ ನೋಡಿ. 5.5 ಕ್ಯೂಬಿಕ್‌ಗೆ ಸಿಮೆಂಟು ಜಿಜಿಬಿಎಸ್ ಸೇರಿ 1,870 ಕೆಜಿ, ನೀರು 880 ಲೀಟರ್, ಅದಕ್ಕೆ ಇನ್ನೂ 100 ಸೇರಿದ್ರೆ 980, ಭಾಗಿಸಿದ್ರೆ 0.52. ಮಿತಿ ದಾಟಿತು. ಪ್ಲಾಂಟಲ್ಲಿ ಒಂದೊಂದು ಲೀಟರ್ ಅಳೆದು ಹಾಕಿದ್ದೆಲ್ಲ ಒಂದು ಪೈಪಲ್ಲಿ ಹೋಯ್ತು. ಅದೂ ಅಲ್ದೆ ಯಾವ ಪ್ಲಾಂಟ್‌ನವ್ರೂ ಸೈಟಲ್ಲಿ ನೀರು ಹಾಕಿದ ಕಾಂಕ್ರೀಟ್‌ಗೆ ಆಮೇಲೆ ಜವಾಬ್ದಾರಿ ತಗೊಳಲ್ಲ, "ನೀವೇ ನೀರು ಹಾಕಿಸಿದ್ರಿ" ಅಂತ ಕೈ ತೊಳ್ಕೋತಾರೆ. ಚಿಕ್ಕಪ್ಪ ಹೋಗಿ ಪೈಪ್ ಹಿಡ್ಕೊಂಡು ನಿಂತುಬಿಟ್ರು, "ಒಂದು ಹನಿ ಬಿದ್ರೂ ಲಾರಿ ವಾಪಸ್ ತಗೊಂಡ್ ಹೋಗಪ್ಪ" ಅಂತ.

ಆಗ ಆ ಕ್ಯೂಸಿ ಹುಡುಗ ಮಾಡಿದ ಕೆಲಸ ಮೆಚ್ಚಬೇಕು. ಯಾರ ಹತ್ರಾನೂ ಜಗಳ ಮಾಡ್ಲಿಲ್ಲ, ಪ್ಲಾಂಟಿಗೆ ಫೋನ್ ಹಾಕಿ ಅಲ್ಲಿಯ ಇಂಜಿನಿಯರ್ ಹತ್ರ ಡೋಸ್ ಕೇಳ್ಕೊಂಡ, ತಂದಿದ್ದ ಕ್ಯಾನಿಂದ ಅಡ್ಮಿಕ್ಸರ್ ಅಳೆದು ಡ್ರಮ್ಮಿಗೆ ಹಾಕಿಸಿ ಐದಾರು ನಿಮಿಷ ಫುಲ್ ಸ್ಪೀಡಲ್ಲಿ ತಿರುಗಿಸ್ದ, ಮತ್ತೆ ಕೋನ್ ಹಿಡಿದ, 115 ಬಂತು. ನೀರು ಒಂದು ಹನಿ ಸೇರಿಸದೇ. ಅಡ್ಮಿಕ್ಸರ್ ಕೆಲಸನೇ ಅದು, ಸಿಮೆಂಟ್ ಕಣಗಳು ಗುಂಪು ಕಟ್ಕೊಳ್ಳದಂಗೆ ಬಿಡಿಸಿ ಇರೋ ನೀರಲ್ಲೇ ಹರಿಯೋ ಹಾಗೆ ಮಾಡುತ್ತೆ. ಬುಕ್ ಮಾಡುವಾಗಲೇ "ಕ್ಯೂಸಿ ಟೆಕ್ನಿಷಿಯನ್ ಸೈಟಿಗೆ ಬರ್ತಾರಾ, ಅಡ್ಮಿಕ್ಸರ್ ಕ್ಯಾನ್ ತರ್ತಾರಾ" ಅಂತ ಕೇಳಿ. ಬರಲ್ಲ ಅಂದ್ರೆ ಬೇರೆ ಪ್ಲಾಂಟ್ ನೋಡಿ ಅಂತ ನೇರವಾಗೇ ಹೇಳ್ತೀನಿ.

ಲೇಟಾಗಿದ್ದಕ್ಕೆ ಜಾಯಿಂಟ್ ಬರಲಿಲ್ವಾ ಅಂದ್ರೆ ಇಲ್ಲ. ಮೊದಲ ಲಾರಿಯಲ್ಲಿ ಎಲ್ಲಾ ಗುಂಡಿಗೂ ಸ್ವಲ್ಪ ಸ್ವಲ್ಪ ಸುರಿಯದೆ, ಒಂದು ಗುಂಡಿ ಪೂರ್ತಿ ತುಂಬಿ ವೈಬ್ರೇಟರ್ ಹಾಕಿ ಮುಗಿಸಿದ ಮೇಲೇನೇ ಇನ್ನೊಂದಕ್ಕೆ ಹೋಗಿದ್ವಿ. ಅರ್ಧ ತುಂಬಿದ ಗುಂಡಿ ಇಟ್ಕೊಂಡು ಗಂಟೆಗಟ್ಲೆ ಲಾರಿಗೆ ಕಾಯ್ತಾ ಕೂತ್ರೆ ಕೆಳಗಿನ ಕಾಂಕ್ರೀಟ್ ಸೆಟ್ ಆಗಿ ಮೇಲಿಂದು ಅಂಟಲ್ಲ. ಪಾಯದಲ್ಲಿ ಈ ಅನುಕೂಲ ಇದೆ, ಒಂದೊಂದು ಫೂಟಿಂಗೂ ಬೇರೆ ಬೇರೆ. ಮೇಲಿನ ಮೋಲ್ಡಲ್ಲಿ (ತಾರಸಿ) ಇದು ಇರಲ್ಲ.

ಪಂಪ್‌ನವ್ರ ಬಗ್ಗೆ. ಸೈಟ್ ಮುಂದೆ ಲಾರಿ ನಿಂತ್ರೆ ಅದರ ಚೂಟ್ (ಕಾಂಕ್ರೀಟ್ ಜಾರಿ ಇಳಿಯೋ ದೋಣಿ) ಮುಂದಿನ ಸಾಲಿನ ಗುಂಡಿಗೆ ಮಾತ್ರ ಸಿಗುತ್ತೆ, ಹಿಂದಿನ ಸಾಲಿಗೆ ಮೂವತ್ತಡಿ ಮೇಲೆ ದೂರ, ಅದಕ್ಕೆ ನೆಲದ ಮೇಲೆ ಪೈಪ್ ಹಾಕಿ ತಳ್ಳೋ ಲೈನ್ ಪಂಪ್ ತಗೊಂಡ್ವಿ. ಉದ್ದ ಕೈ ಚಾಚಿ ಮೇಲಿಂದ ಸುರಿಯೋ ಬೂಮ್ ಪಂಪ್ ಬೇಡ ಅಂದಿದ್ದು ಯಾಕಂದ್ರೆ ಸೈಟ್ ಮುಂದೇನೇ ಕರೆಂಟ್ ಲೈನ್ ಹೋಗಿದೆ, ಆ ಕೈ ತಂತಿ ಹತ್ರ ಹೋದ್ರೆ ಜೀವಕ್ಕೇ ಅಪಾಯ. ಪಂಪ್ ಬೇರೆ ಏಜೆನ್ಸಿದು, ಪ್ಲಾಂಟ್‌ನವ್ರೇ ಕಳಿಸಿದ್ರು. ಮೊದಲು ಪೈಪ್ ಒಳಗೆ ಜಾರಲಿ ಅಂತ ಸಿಮೆಂಟ್ ಸ್ಲರಿ ಓಡಿಸ್ತಾರೆ. ಆ ಸ್ಲರಿನ ಅವ್ರು ನೇರವಾಗಿ ಈಶಾನ್ಯದ ಗುಂಡಿಗೇ ಬಿಡೋಕೆ ಹೋದ್ರು! ಜಲ್ಲಿ ಇಲ್ಲದ ಬರೀ ಸಿಮೆಂಟ್ ನೀರು ಫೂಟಿಂಗ್ ತಳದಲ್ಲಿ, ಜಾಲಿ ಕೆಳಗೆ. ನಾನು ಕೂಗಿ ನಿಲ್ಲಿಸ್ದೆ, ಹೊರಗಡೆ ತಗಡಿನ ಮೇಲೆ ಬಿಡಿಸಿದ್ವಿ. "ಎಲ್ಲಾ ಕಡೆ ಹಿಂಗೇ ಬಿಡೋದು ಅಣ್ಣ" ಅಂದ್ರು. ಎಲ್ಲಾ ಕಡೆ ಬಿಡೋದಾದ್ರೆ ಎಲ್ಲಾ ಕಡೆನೂ ತಪ್ಪು ನಡೀತಿದೆ ಅಂತಾನೇ ಅರ್ಥ.

ಆಮೇಲೆ ಪೈಪ್‌ನ ಪಿಲ್ಲರ್ ಕಂಬಿಗೆ ಒರಗಿಸಿ, ಜಾಲಿ ಮೇಲೇ ಮಲಗಿಸಿ ಓಡಿಸೋಕೆ ಶುರು ಮಾಡಿದ್ರು. ಲೈನ್ ಪಂಪ್ ಪೈಪು ಒಂದೊಂದು ಸ್ಟ್ರೋಕ್‌ಗೂ ಹಿಂದಕ್ಕೆ ಮುಂದಕ್ಕೆ ಎಗರುತ್ತೆ, ಅದರ ಜೊತೆ ನೂಲು ಹಿಡಿದು ತೂಕದ ಗುಂಡು ಬಿಟ್ಟು ಮೇಸ್ತ್ರಿ ಕಷ್ಟಪಟ್ಟು ನಿಲ್ಲಿಸಿದ್ದ ಕಂಬಿಗಳೂ ಅಲ್ಲಾಡಿದ್ವು, ಎರಡು ಗುಂಡಿಯಲ್ಲಿ ಜಾಲಿನ ಎತ್ತಿ ಹಿಡಿಯೋ ಕವರ್ ಬ್ಲಾಕ್ ಮಗುಚಿಕೊಂಡು ಜಾಲಿ ಕೆಳಗೆ ಕೂತಿತ್ತು. ಕಾಂಕ್ರೀಟ್ ಬೀಳೋ ಮುಂಚೆ ಚಿಕ್ಕಪ್ಪ ನೋಡಿದ್ರಿಂದ ಎತ್ತಿ ಮತ್ತೆ ಬ್ಲಾಕ್ ಕೊಟ್ವಿ. ಕವರ್ ಬ್ಲಾಕ್ ಬದಲು ಇಟ್ಟಿಗೆ ಚೂರು, ಜಲ್ಲಿ ಕಲ್ಲು ಇಡೋದನ್ನ ಬಿಟ್ಬಿಡಿ, ಇಟ್ಟಿಗೆ ನೀರು ಹೀರುತ್ತೆ, ಅದೇ ದಾರಿಯಲ್ಲಿ ಕಂಬಿಗೆ ತುಕ್ಕು ಬರುತ್ತೆ. ಪೈಪ್‌ಗೆ ಹಲಗೆ, ಖಾಲಿ ಮೂಟೆ ಕೊಟ್ಟು ಜಾಲಿಯಿಂದ ಬಿಡಿಸಿ ಇಡೋಕೆ ಹೇಳಿ, ಹೇಳ್ದೆ ಇದ್ರೆ ಯಾರೂ ಇಡಲ್ಲ.

ಪೈಪ್ ಹಿಡಿದ ಹುಡುಗರು ಬರಿಗಾಲಲ್ಲಿ ಕಾಂಕ್ರೀಟಲ್ಲಿ ಇಳಿದಿದ್ರು, ಅದನ್ನ ನೋಡಿ ನಿಜವಾಗ್ಲೂ ಬೇಜಾರಾಯ್ತು. ಹಸಿ ಸಿಮೆಂಟ್ ಚರ್ಮ ಸುಡುತ್ತೆ, ಅವತ್ತು ಗೊತ್ತಾಗಲ್ಲ, ರಾತ್ರಿ ಉರಿ ಶುರು ಆಗುತ್ತೆ. ಅಮ್ಮ ಕೇಳಿ ತಕ್ಷಣ ಭಾವನ್ನ ಅಂಗಡಿಗೆ ಕಳಿಸಿ ಗಮ್‌ಬೂಟು ರಬ್ಬರ್ ಗ್ಲೌಸ್ ತರಿಸಿದ್ರು. ಇದು ಪಂಪ್ ಏಜೆನ್ಸಿ ಕೊಡ್ಬೇಕಾಗಿದ್ದು. ಒಂದು ಇಡೀ ದಿನದ ಬಾಡಿಗೆ ಮಿನಿಮಮ್ ಅಂತ ಹಿಡಿದು ತಗೋತಾರೆ, ಎರಡು ಜೊತೆ ಬೂಟು ಕೊಡೋಕಾಗಲ್ವಾ.

ವೈಬ್ರೇಟರ್ ನಮ್ಮ ಮೇಸ್ತ್ರಿ ತಂದಿದ್ದ, 40 ಎಂಎಂ ನೀಡಲ್. ಅವನ ಕೈ ಒಳ್ಳೇ ಕೈ, ನೀಡಲ್ ಬೇಗ ನೇರವಾಗಿ ಇಳಿಸಿ ಗುಳ್ಳೆ ನಿಲ್ಲೋವರೆಗೂ ಇಟ್ಟು ನಿಧಾನಕ್ಕೆ ಎಳೀತಿದ್ದ, ಕಾಂಕ್ರೀಟ್ ತಳ್ಳೋಕೆ ಅದನ್ನ ಬಳಸಲಿಲ್ಲ. ಮೂಲೆ ಮೂಲೆಗೂ ಹಾಕಿದ. ರೆಡಿಮಿಕ್ಸ್ ಬೇಡ ಅಂದಿದ್ದವನು ಹಾಕೋ ದಿನ ಎಲ್ಲರಿಗಿಂತ ಚೆನ್ನಾಗಿ ನಿಂತು ಮಾಡಿದ, ಇದನ್ನ ಹೇಳಲೇಬೇಕು.

ಕ್ಯೂಬ್ ವಿಷಯ. 15 ಸೆಂಟಿಮೀಟರ್ ಉದ್ದ ಅಗಲ ಎತ್ತರದ ಕಬ್ಬಿಣದ ಮೋಲ್ಡ್, ಮೂರು ಕ್ಯೂಬ್ ಸೇರಿದ್ರೆ ಒಂದು ಸ್ಯಾಂಪಲ್. 6ರಿಂದ 15 ಕ್ಯೂಬಿಕ್ ವರೆಗೆ ಎರಡು ಸ್ಯಾಂಪಲ್ ಅಂತ ಐಎಸ್ 456 ಹೇಳುತ್ತೆ, ಹಾಗಾಗಿ ಲಾರಿಗೊಂದು ಸ್ಯಾಂಪಲ್ ತೆಗೆಸಿದ್ವಿ, 7 ದಿನಕ್ಕೆ ಅಂತ ಮೂರು ಕ್ಯೂಬ್ ಜಾಸ್ತಿ. ಪ್ಲಾಂಟ್‌ನವ್ರು ತಾವೇ ತಗೊಂಡ್ ಹೋಗಿ ಟೆಸ್ಟ್ ಮಾಡಿ ರಿಪೋರ್ಟ್ ಕಳಿಸ್ತೀವಿ ಅಂದ್ರು. ನಾವು ಬೇಡ ಅಂದ್ವಿ. ಕ್ಯೂಬ್ ಮೇಲೆ ತಾರೀಕು, ಲಾರಿ ನಂಬರ್ ಬರೆದು ಮಾರನೇ ದಿನ ಮೋಲ್ಡ್ ಬಿಚ್ಚಿ ಮನೆ ಹತ್ರ ನೀರಿನ ಡ್ರಮ್ಮಲ್ಲಿ ಮುಳುಗಿಸಿ ಇಟ್ಟು, ಇಂಜಿನಿಯರಿಂಗ್ ಕಾಲೇಜ್ ಲ್ಯಾಬಲ್ಲಿ ನಾವೇ ಟೆಸ್ಟ್ ಮಾಡಿಸಿದ್ವಿ. ಟೆಸ್ಟ್ ಫೀಸ್ ದೊಡ್ಡದೇನಲ್ಲ. ಎಂ25 ಅಂದ್ರೆ 28 ದಿನಕ್ಕೆ ಒಂದು ಚದರ ಮಿಲಿಮೀಟರಿಗೆ 25 ನ್ಯೂಟನ್, ಕ್ಯೂಬ್ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಎಂಟು ಕೆಜಿ ತೂಗೋ ಆ ತುಂಡು 57 ಟನ್ ಭಾರ ತಡೀಬೇಕು. ನಮ್ಮವು ಎಲ್ಲಾ 29 ದಾಟಿವೆ, ಮೊದಲ ಲಾರಿದು ಒಂದು 33 ಬಂತು, ಎರಡನೇ ಲಾರಿದು ಸ್ವಲ್ಪ ಕಮ್ಮಿ ಆದ್ರೂ ಪಾಸ್. 25ಕ್ಕಿಂತ ಜಾಸ್ತಿ ಬಂದಿದ್ದು ನೋಡಿ ಆಶ್ಚರ್ಯ ಪಡೋದೇನಿಲ್ಲ, ಮಿಕ್ಸ್ ಡಿಸೈನ್ ಮಾಡುವಾಗಲೇ ಎಂ25ಗೆ 31.6 ಗುರಿ ಇಟ್ಕೊಂಡು ಮಾಡ್ತಾರೆ, ಒಂದಷ್ಟು ಹೆಚ್ಚು ಕಮ್ಮಿ ಆದ್ರೂ 25ರ ಕೆಳಗೆ ಇಳೀಬಾರ್ದು ಅಂತ. ನೂರು ಲೀಟರ್ ನೀರು ಬಿಟ್ಟಿದ್ರೆ ಆ ಎರಡನೇ ಲಾರಿ ಎಲ್ಲಿಗೆ ಇಳೀತಿತ್ತೋ ಏನೋ.

ಕ್ಯೂರಿಂಗ್ ಯಾವ ಪ್ಲಾಂಟ್‌ನವ್ರ ಕೆಲಸನೂ ಅಲ್ಲ, ಆದ್ರೆ ಅದು ಇಲ್ದೆ ಮೇಲಿಂದೆಲ್ಲ ವ್ಯರ್ಥ. ಜಿಜಿಬಿಎಸ್ ಇರೋ ಮಿಕ್ಸ್ ನಿಧಾನವಾಗಿ ಗಟ್ಟಿಯಾಗೋದ್ರಿಂದ ಏಳು ದಿನ ಸಾಲಲ್ಲ, 14 ದಿನ ನೀರು ಬೇಕು. ಗೋಣಿಚೀಲ ಹೊದಿಸಿ ಅಪ್ಪ ಬೆಳಗ್ಗೆ ಸಂಜೆ ಪೈಪ್ ಹಿಡಿದ್ರು, ಮಧ್ಯಾಹ್ನ ಚೀಲ ಒಣಗಿದ್ಯಾ ಅಂತ ಇನ್ನೊಂದು ಸುತ್ತು. ಮಣ್ಣು ಮುಚ್ಚೋಕೆ ಜೆಸಿಬಿ ಸಿಕ್ತು ಅಂತ ಮೂರನೇ ದಿನಾನೇ ಮುಚ್ಚಿಬಿಡೋರನ್ನ ನೋಡಿದೀನಿ, ಹಂಗೆ ಮಾಡ್ಬೇಡಿ.

ದುಡ್ಡು. ನಮಗೆ ಎಂ25 ಕ್ಯೂಬಿಕ್‌ಗೆ ಐದು ಸಾವಿರದ ಮೇಲೆ ಸ್ವಲ್ಪ, ಅದರ ಮೇಲೆ ಜಿಎಸ್‌ಟಿ 18 ಪರ್ಸೆಂಟ್, ಪಂಪ್ ಬಾಡಿಗೆ ಬೇರೆ. ಒಟ್ಟು ಎಂಬತ್ತು ಸಾವಿರದ ಆಸುಪಾಸು ಆಯ್ತು. ಇದೇ ಕೆಲಸ ಸೈಟ್ ಮಿಕ್ಸಲ್ಲಿ ಮಾಡಿದ್ರೆ ಕ್ಯೂಬಿಕ್‌ಗೆ ಎಂಟು ಮೂಟೆ ಲೆಕ್ಕದಲ್ಲಿ 90 ಮೂಟೆ ಸಿಮೆಂಟು, ಮರಳು, ಜಲ್ಲಿ, ಮಿಲ್ಲರ್ ಬಾಡಿಗೆ, ಆಳು ಕೂಲಿ ಎಲ್ಲಾ ಸೇರಿ ಹತ್ತಿರ ಹತ್ತಿರ ಅಷ್ಟೇ ಬರ್ತಿತ್ತು, ಸಿಮೆಂಟ್ ಜಿಎಸ್‌ಟಿ 2025ರ ಸೆಪ್ಟೆಂಬರ್ 22ಕ್ಕೆ 28 ಪರ್ಸೆಂಟಿಂದ 18 ಪರ್ಸೆಂಟಿಗೆ ಇಳಿದಿರೋದ್ರಿಂದ ಒಂದೆರಡು ಸಾವಿರ ಕಮ್ಮಿ ಆಗ್ತಿತ್ತೇನೋ. ಆದ್ರೆ ಒಂದು ಮಾತು ಮೊದಲೇ ಆಡ್ಕೊಳಿ: ಲೇಬರ್ ಕಾಂಟ್ರ್ಯಾಕ್ಟ್ ರೇಟಲ್ಲಿ ಕಾಂಕ್ರೀಟ್ ಕಲಸೋ ಕೂಲಿನೂ ಸೇರಿರುತ್ತೆ, ನೀವು ರೆಡಿಮಿಕ್ಸ್ ತರಿಸಿದ್ರೆ ಆ ಕೂಲಿ ಉಳಿಯುತ್ತೆ, ಮೇಸ್ತ್ರಿ ಅದನ್ನ ಎಷ್ಟು ಬಿಡ್ತಾನೆ ಅಂತ ಅಗ್ರಿಮೆಂಟಲ್ಲೇ ಬರೆಸ್ಕೊಳಿ. ನಾವು ಬರೆಸಿದ್ವಿ, ಮೇಸ್ತ್ರಿ ಆ ಕೂಲಿ ಕಳೆದೇ ದುಡ್ಡು ತಗೊಂಡ. ಬಿಲ್ ಬೇಡ ಅಂದ್ರೆ ರೇಟ್ ಇಳಿಸ್ತೀನಿ ಅಂತ ಹೇಳೋರೂ ಇದಾರೆ, ಬಿಲ್ ಇಲ್ದೆ ತಗೊಂಡ್ರೆ ನಾಳೆ ಕ್ಯೂಬ್ ಫೇಲ್ ಆದಾಗ ಕೇಳೋಕೆ ಕೈಯಲ್ಲಿ ಏನೂ ಇರಲ್ಲ.

ಐದಾರು ಸಾಲು ಕಲ್ಲು ಕಟ್ಟೋದು, ಪ್ಲಿಂತ್ ಬೀಮ್ (ಗೋಡೆ ಶುರುವಾಗೋ ಮಟ್ಟದಲ್ಲಿ ಹಾಕೋ ತೊಲೆ) ಇವಕ್ಕೆಲ್ಲ ಮಾಲು ಕಮ್ಮಿ, ಅಷ್ಟಕ್ಕೆ ಲಾರಿ ಕರೆಸಿದ್ರೆ ಪಾರ್ಟ್ ಲೋಡ್ ಅಂತ ಎಕ್ಸ್‌ಟ್ರಾ ಹಾಕ್ತಾರೆ, ಬೀಮ್ ಮಾತ್ರ ಪೂರ್ತಿ ಒಂದೇ ದಿನ ಹಾಕೋ ಹಾಗಿದ್ರೆ ತರಿಸ್ತೀವಿ. ಮೋಲ್ಡಿಗೆ ಇದೇ ಪ್ಲಾಂಟಿಗೆ ಹೇಳೋದು ಅಂತ ಮನೆಯಲ್ಲಿ ಮಾತಾಗಿದೆ. ಈ ಸಲ ಆರ್ಡರ್ ಕಾಗದದಲ್ಲೇ ನಾಲ್ಕು ಸಾಲು ಬರೆಸ್ತೀವಿ, ಲಾರಿ ಪ್ಲಾಂಟ್ ಬಿಟ್ಟ ತಕ್ಷಣ ಸ್ಲಿಪ್ ಫೋಟೋ ಮತ್ತು ಲೊಕೇಶನ್ ಕಳಿಸ್ಬೇಕು, ಒಂದೂವರೆ ಗಂಟೆ ಮೇಲಾದ ಲಾರಿ ನಾವು ಇಳಿಸ್ಕೊಳಲ್ಲ, ಕ್ಯೂಸಿಗೆ ಅದೇ ಹುಡುಗ ಬರಬೇಕು, ಪಂಪ್ ಬೇರೆ ಏಜೆನ್ಸಿಯಿಂದ ನಾವೇ ತರ್ತೀವಿ. ಮೊದಲ ಮೂರಕ್ಕೆ ಆಗ್ಲೇ ಹೂಂ ಅಂದಿದಾರೆ, ಪಂಪ್ ವಿಷಯಕ್ಕೆ ಮಾತ್ರ ಇನ್ನೂ ಮಾತಾಡ್ತಿದೀವಿ. ತುಮಕೂರು ಕಡೆ ಒಳ್ಳೆ ಲೈನ್ ಪಂಪ್ ಟೀಮ್ ಯಾರಿಗಾದ್ರೂ ಗೊತ್ತಿದ್ರೆ ತಿಳಿಸಿ.